ಚುಕ್ಕಿಯಾಚೆಯ ಮಚ್ಚೆ

ಮಾರ್ಚ್ 3, ಸೋಮವಾರ

ಮಹಾಜನಗಳೇ! ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನ ಶಿಳ್ಳೆವೀರರೇ, ಕಂಬಕ್ಕೆ ಒರಗಿ ಪುಕ್ಕಟೆ ನೋಡುವ ರಸಿಕರೇ! ಬನ್ನಿ, ಒತ್ತೊತ್ತಾಗಿ ಕೂತುಕೊಳ್ಳಿ, ಅಳುವ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಳ್ಳಿ. ಇಂದು ಆಡಲಿರುವ ಪ್ರಸಂಗ: ಸಜ್ಜನನಾದ ಒಬ್ಬ ಗಣಿತಜ್ಞನ ಹೊಟ್ಟೆಗೆ ಬೆಂಕಿ ಬಿದ್ದ ಕಥೆ!

ಸಭೆಯಲ್ಲಿ ಯಾರೂ ಇಲ್ಲ. ಇರುವುದು ಈ ಡೈರಿ, ಒಂದು ಟೇಬಲ್ ಫ್ಯಾನು, ಆರಿ ಹೋದ ಚಹಾ. ಅಪ್ಪನ ನಾಟಕ ಕಂಪನಿಯ ಪರದೆಗಳ ನಡುವೆ ಬೆಳೆದವನಿಗೆ ಮೆಲ್ಲಗೆ ಬರೆಯಲು ಬರುವುದಿಲ್ಲ, ಅಷ್ಟೆ.

ಇವತ್ತು ಸಂಸ್ಥೆಯ ಸಭಾಂಗಣದಲ್ಲಿ ಸಿಡಿಲಮರಿ ಮಾತಾಡಿದಳು. ಆ ಹೆಸರು ನಾನಿಟ್ಟದ್ದಲ್ಲ. ವಿದ್ಯಾರ್ಥಿಗಳು ನನ್ನ ಗಂಟಲಿಗೆ ಹೆದರಿ ನನ್ನನ್ನು 'ಗುಡುಗು' ಎನ್ನುತ್ತಾರೆ; ನನ್ನ ಕೈಕೆಳಗೇ ಓದಿ, ಈಗ ನನ್ನ ಪಕ್ಕದ ಕೋಣೆಗೇ ಕೆಲಸಕ್ಕೆ ಬಂದು ಕೂತಿರುವವಳನ್ನು 'ಸಿಡಿಲಮರಿ' ಎನ್ನುತ್ತಾರೆ. ಎಂಥ ಅನ್ಯಾಯದ ಹೆಸರುಗಳು! ಮಿಂಚುವುದೆಲ್ಲ ಅವಳ ಪಾಲು. ಎಲ್ಲ ಮುಗಿದ ಮೇಲೆ ಬರುವ ಸದ್ದು ನನ್ನ ಪಾಲು.

ನಾವಿಬ್ಬರೂ ಮಾಡುವ ಕೆಲಸ ಒಂದೇ. ಗಾಯ ಹೇಗೆ ಮಾಯುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು. ಚರ್ಮಕ್ಕೆ ಒಂದು ಹೊರಪದರ, ಒಂದು ಒಳಪದರ. ನನ್ನ ಮಾದರಿಯಲ್ಲಿ ಹೊರಪದರವೇ ಕಥಾನಾಯಕ. ಗಾಯದ ಅಂಚಿನಿಂದ ಅದರ ಜೀವಕೋಶಗಳು ತೆವಳುತ್ತಾ ಬಂದು ನಡುವಿನ ಬಯಲನ್ನು ಮುಚ್ಚುತ್ತವೆ. ಒಳಪದರ ಬರೀ ರಂಗಸಜ್ಜಿಕೆ. ನಿಲ್ಲಲು ನೆಲ ಕೊಡುತ್ತದೆ, ಉಣ್ಣಲು ಅನ್ನ ಕೊಡುತ್ತದೆ, ತಾನು ಮಾತ್ರ ಅಲುಗುವುದಿಲ್ಲ. ಗಾಯದ ಸುತ್ತಲಿನ ಚರ್ಮವೂ ಅಲುಗುವುದಿಲ್ಲ. ನನ್ನ ಕೂದಲು ಕಪ್ಪಗಿದ್ದಾಗ ಕಟ್ಟಿದ ಮಾದರಿ ಇದು. ಇದರ ಮೇಲೆ ನಿಂತೇ ನಾನು ಇಷ್ಟು ಎತ್ತರ ಕಂಡಿದ್ದು.

ಅವಳು ಏನು ಮಾಡಿದಳು? ರಂಗಸಜ್ಜಿಕೆಯ ಬಾಯಿಗೆ ಮಾತು ಕೊಟ್ಟಳು! ಅವಳ ಮಾದರಿಯಲ್ಲಿ ಒಳಪದರವೂ ನಟ. ಅದು ಎಳೆಯುತ್ತದೆ. ಮೇಲೆ ಮುಚ್ಚಿಕೊಂಡ ಹೊರಪದರ 'ಸಾಕು, ಇನ್ನು ಬಿಡು' ಎಂದು ಕೆಳಗೆ ಸುದ್ದಿ ಕಳಿಸುತ್ತದೆ. ಸುದ್ದಿ ತಡವಾಯಿತೋ, ಒಳಪದರ ಎಳೆಯುತ್ತಲೇ ಹೋಗುತ್ತದೆ. ಗಾಯವೇನೋ ಮುಚ್ಚುತ್ತದೆ, ಆದರೆ ಸುತ್ತಲ ಚರ್ಮವನ್ನೆಲ್ಲ ತನ್ನ ಕಡೆಗೆ ಬಾಚಿಕೊಂಡು, ಬಿಗಿದುಕೊಂಡು ಮುಚ್ಚುತ್ತದೆ.

ಚಪ್ಪಾಳೆ! ನಾನು ಚಪ್ಪಾಳೆಯ ಜಾತಿಗಳನ್ನು ಬಲ್ಲವನು. ಮರ್ಯಾದೆಯ ಚಪ್ಪಾಳೆ ನಲ್ಲಿ ನಿಲ್ಲಿಸಿದ ಹಾಗೆ ಥಟ್ಟನೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ನಾನೂ ತಟ್ಟಿದೆ. ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅಂಗೈ ಇನ್ನೂ ಉರಿಯುತ್ತಿದೆ, ಅಂಗೈಯೊಂದೇ ಅಲ್ಲ.

ಸುಟ್ಟಗಾಯದ ವಾರ್ಡಿನ ಡಾಕ್ಟರಮ್ಮ ಎದ್ದು ನಿಂತು ಹೇಳಿದರು: "ಎರಡರಲ್ಲಿ ಒಂದು ಮಾದರೀನ ನಮ್ಮ ವಾರ್ಡಿಗೆ ತಗೋತೀವಿ. ಯಾರಿಗೆ ಚರ್ಮ ಕಸಿ ಮಾಡ್ಬೇಕು, ಯಾರದು ತಾನಾಗೇ ವಾಸಿ ಆಗುತ್ತೆ ಅನ್ನೋದು ಮೊದಲೇ ತಿಳಿದ್ರೆ ಎಷ್ಟೋ ಜನಕ್ಕೆ ಉಪಕಾರ. ತಿಂಗಳ ಕೊನೇ ಶುಕ್ರವಾರ ನಿರ್ಧಾರ ಮಾಡೋಣ."

ಯಾವ ಗಾಯದ ಮೇಲೆ ಪರೀಕ್ಷೆ? ನನ್ನ ಅಕ್ಕನ ಗಾಯದ ಮೇಲೆ. ಅಕ್ಕ ಹೋದ ವಾರ ಕುದಿಯುವ ಕೆಟಲನ್ನು ಕೈಜಾರಿ ಬೀಳಿಸಿದಳು. ನೀರು ಉಣ್ಣೆಯ ಕಾಲುಚೀಲಕ್ಕೆ ಇಳಿಯಿತು. ಚೀಲ ಬಿಚ್ಚುವಷ್ಟರಲ್ಲಿ ಬಲಗಾಲಿನ ಹಿಂಬದಿ, ಹಿಮ್ಮಡಿಯ ಮೇಲ್ಗಡೆ, ಬೆಂದು ಹೋಗಿತ್ತು. ಅವಳು ನಾಟಕದ ಉಡುಪು ಹೊಲಿಯುವವಳು. ಕಾಲಿನಿಂದ ತುಳಿಯುವ ಹಳೆಯ ಮಷೀನು, ಮೋಟಾರು ಹಾಕಿಸಿಕೊಡುತ್ತೇನೆಂದರೆ ಜಗಳಕ್ಕೇ ಬರುತ್ತಾಳೆ. ಹಿಮ್ಮಡಿ ನೆಲಕ್ಕೆ ಊರದಿದ್ದರೆ ಅವಳಿಗೆ ಮಷೀನೂ ಇಲ್ಲ, ಬದುಕೂ ಇಲ್ಲ. ಡಾಕ್ಟರಮ್ಮ ವಿಷಯ ಹೇಳಿದಾಗ ಅಕ್ಕ ನಕ್ಕಳಂತೆ: "ನನ್ನ ಕಾಲಿದೆಯಲ್ಲ, ಇಬ್ರೂ ಅದರ ಮೇಲೇ ಕುಸ್ತಿ ಆಡ್ಲಿ ಬಿಡಿ."

ನನ್ನ ಮಾದರಿ ಹೇಳುತ್ತದೆ: ಕಸಿ ಬೇಡ, ತಾನಾಗಿ ಮುಚ್ಚುತ್ತದೆ. ಅವಳದು ಹೇಳುತ್ತದೆ: ಮುಚ್ಚುತ್ತದೆ, ಆದರೆ ಹಿಮ್ಮಡಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.

ನೋಡೋಣ, ಮಹಾಜನಗಳೇ. ನೋಡಿಯೇ ಬಿಡೋಣ.

ಮಾರ್ಚ್ 5, ಬುಧವಾರ

ಅಳತೆಯ ಕೆಲಸ ನನ್ನದು. ಮನೆಯಲ್ಲಿ ಬ್ಯಾಂಡೇಜು ಬಿಚ್ಚಿ ಕಟ್ಟುವವನು ನಾನೇ ಆದ್ದರಿಂದ ಡಾಕ್ಟರಮ್ಮ ನನಗೇ ಒಪ್ಪಿಸಿದರು. ನಿನ್ನೆ ಅವರೇ ಗಾಯದ ಸುತ್ತ, ಅಂಚಿನಿಂದ ಒಂದು ಬೆರಳಗಲ ಆಚೆಗೆ, ಚರ್ಮದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಶಾಯಿಚುಕ್ಕಿ ಇಟ್ಟರು. "ಗಾಯ ಚಿಕ್ಕದಾಗೋದು ಎರಡು ಥರ. ಹೊರಪದರ ತೆವಳಿ ಮುಚ್ಚಿದ್ರೆ ಅಂಚು ಮಾತ್ರ ಒಳಗೆ ಬರುತ್ತೆ, ಚುಕ್ಕಿ ಇದ್ದಲ್ಲೇ ಇರುತ್ತೆ. ಒಳಪದರ ಎಳೀತಿದ್ರೆ ಚುಕ್ಕೀನೂ ಒಳಗೆ ಬರುತ್ತೆ. ನೀವು ಪಾರದರ್ಶಕ ಹಾಳೆ ಇಟ್ಟು ಎರಡನ್ನೂ ಗುರುತು ಹಾಕ್ಕೊಂಡು ಬನ್ನಿ," ಎಂದರು.

ಅಂದರೆ ಚುಕ್ಕಿ ನಿಂತರೆ ನಾನು ಗೆದ್ದೆ. ಚುಕ್ಕಿ ನಡೆದರೆ ಸಿಡಿಲಮರಿ ಗೆದ್ದಳು.

ಇವತ್ತು ಬ್ಯಾಂಡೇಜು ಬಿಚ್ಚಿದರೆ ಚುಕ್ಕಿಗಳೇ ಮಾಯ! ಔಷಧದ ತೇವಕ್ಕೆ ಶಾಯಿ ತೊಳೆದು ಹೋಗಿದೆ. ನಾನು ಎದೆಗುಂದುವವನೇ? ಚುಕ್ಕಿ ಇಟ್ಟ ಕೂಡಲೇ ಗುರುತು ಹಾಕಿಕೊಂಡಿದ್ದ ಮೊದಲ ದಿನದ ಹಾಳೆ ತಂದೆ. ಅದರಲ್ಲಿ ಕಾಲುಗಂಟಿನ ಎರಡೂ ಮೂಳೆಗಳ ಗುರುತಿದೆ. ಮೂಳೆಗೆ ಮೂಳೆ ಸರಿಹೊಂದಿಸಿ, ಹಾಳೆಗೆ ತೂತು ಮಾಡಿ, ತೂತಿನ ಮೂಲಕ ಅದೇ ಜಾಗಕ್ಕೆ ಹೊಸ ಚುಕ್ಕಿ ಇಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಣ್ಣದ ಕೋಣೆಯಲ್ಲಿ ಬೆಳೆದ ಕೈ ಇದು!

ಅಕ್ಕ ಬೋರಲು ಮಲಗಿದ್ದಳು. "ಏನೋ ಕಚಗುಳಿ ಇಡ್ತಿದೀಯ?"

"ಮೇಕಪ್ ಮಾಡ್ತಿದೀನಿ."

"ಹಿಮ್ಮಡಿಗಾ? ಯಾವ ಪಾತ್ರಾನೋ?"

"ನನ್ನ ವಿಜಯದ ನಾಯಕಿ ಪಾತ್ರ."

"ಹೆಚ್ಚು ಸಂಬಳ ಕೇಳ್ತೀನಿ ಹಾಗಾದ್ರೆ," ಎಂದಳು. ಆಮೇಲೆ ದಿಂಬಿನಿಂದ ತಲೆ ಎತ್ತಿ, "ನನಗೆ ಅಲ್ಲಿ ಏನೂ ಕಾಣಲ್ಲ ಕಣೋ. ನೀನು ಹೇಳಿದ್ದೇ ನಿಜ. ಸರಿಯಾಗಿ ನೋಡು" ಎಂದಳು.

ಬಲಗಡೆಯ ಚುಕ್ಕಿಯ ಆಚೆಗೆ ಅಕ್ಕನ ಹಳೆಯ ಮಚ್ಚೆ ಇದೆ, ಎಳ್ಳಿಗಿಂತ ದೊಡ್ಡದು, ಹೆಸರುಕಾಳಿಗಿಂತ ಚಿಕ್ಕದು. ಕುದಿನೀರಿನಿಂದ ಹೇಗೋ ತಪ್ಪಿಸಿಕೊಂಡು, ಟಿಕೆಟ್ಟಿಲ್ಲದೆ ಡೇರೆಯ ಹೊರಗೆ ನಿಂತ ಪ್ರೇಕ್ಷಕನ ಹಾಗೆ ಇಣುಕುತ್ತಿದೆ. ಸುಮ್ಮನೆ ಅದನ್ನೂ ಹಾಳೆಯಲ್ಲಿ ಗುರುತು ಹಾಕಿದೆ. ಅಂದಕ್ಕೆ.

ಮಾರ್ಚ್ 8, ಶನಿವಾರ

ಬಂದಳಯ್ಯಾ ಬಂದಳು! ನನ್ನ ಮನೆಯ ಹೊಸ್ತಿಲಿಗೇ ಬಂದಳು!

ಬಾಗಿಲು ತೆರೆದರೆ ಸಿಡಿಲಮರಿ, ಕೈಯಲ್ಲಿ ಕಿತ್ತಳೆಯ ಚೀಲ. "ಸರ್, ಅಕ್ಕನ್ನ ನೋಡೋಣ ಅಂತ ಬಂದೆ."

"ನನ್ನ ಅಕ್ಕ ನಿನಗೂ ಅಕ್ಕಾನಾ?"

"ಮತ್ತೆ ಏನಂತ ಕರೀಲಿ ಸರ್? ಅಜ್ಜಿ ಅಂದ್ರೆ ಹೊಡೀತಾರೆ."

ಒಳಗಿನಿಂದ ಅಕ್ಕ ಕೂಗಿದಳು: "ಯಾರೇ ಅದು ಬುದ್ಧಿವಂತೆ? ಏ ಗುಡುಗಪ್ಪ, ಹುಡುಗೀನ ಬಾಗಿಲಲ್ಲಿ ನಿಲ್ಲಿಸ್ಕೊಂಡು ವಿಚಾರಣೆ ಮಾಡ್ಬೇಡ. ಬಾರೇ ಒಳಗೆ."

ಬಂದು ಕೂತವಳು ಅಕ್ಕನ ಕಾಲಿನ ಬಗ್ಗೆ ಒಂದು ಮಾತು ಆಡಲಿಲ್ಲ. ಮಷೀನಿನ ಮೇಲೆ ಅರ್ಧಕ್ಕೆ ನಿಂತಿದ್ದ ರಾಜನ ಮಖಮಲ್ಲಿನ ಅಂಗಿಯನ್ನು ಎತ್ತಿಕೊಂಡು ಒಳಗೆಲ್ಲ ತಿರುಗಿಸಿ ನೋಡಿದಳು. "ಅಕ್ಕ, ಒಳಗಿನ ಈ ಅಸ್ತರು ಹತ್ತೀದಾ? ನೀರಿಗೆ ಹಾಕಿದ್ರೆ ಕುಗ್ಗಲ್ವಾ?"

"ಕುಗ್ಗುತ್ತೆ. ಅದಕ್ಕೇ ಮೊದಲು ನೆನೆಸಿ, ಆಮೇಲೆ ಹೊಲೀತೀನಿ."

"ನೆನೆಸ್ದೇ ಹೊಲಿದ್ರೆ?"

"ಅಸ್ತರು ಕುಗ್ಗುತ್ತೆ, ಮಖಮಲ್ಲು ಕುಗ್ಗಲ್ಲ. ತೋಳೆಲ್ಲ ಮುದುರಿ ಮೇಲಕ್ಕೇರುತ್ತೆ. ರಾಜ ಕತ್ತಿ ಎತ್ತಕ್ಕಾಗಲ್ಲ."

"ಚರ್ಮಕ್ಕೂ ಒಂದು ಅಸ್ತರು ಇದೆ ಅಕ್ಕ. ಸರ್ ಮತ್ತೆ ನಾನು ಜಗಳ ಆಡ್ತಿರೋದು ಇಷ್ಟಕ್ಕೇ. ನಿಮ್ಮ ಹಿಮ್ಮಡೀಲಿ ಅಸ್ತರು ಎಳೀತಿದೆಯೋ ಇಲ್ವೋ ಅನ್ನೋದಕ್ಕೆ."

ಅಕ್ಕನ ಮುಖ ಅರಳಿದ್ದನ್ನು ನೋಡಬೇಕಿತ್ತು! ನನ್ನ ಕಡೆ ತಿರುಗಿ, "ಇಷ್ಟು ವರ್ಷ ನೀನು ಬೋರ್ಡು ತುಂಬ ಗೀಚ್ತಿದ್ದಿದ್ದು ಇದೇನಾ? ನನಗೆ ಒಂದು ಸಲಾನೂ ಹೇಳಿಲ್ವಲ್ಲೋ," ಎಂದಳು.

ಹೇಳಿಲ್ಲ. ಯಾಕೆ ಹೇಳಬೇಕಿತ್ತು? ಅವಳು ಕೇಳಿರಲಿಲ್ಲ. ಅಲ್ಲ, ಒಮ್ಮೆ ಕೇಳಿದ್ದಳು. ನಾನು 'ನಿನಗೆ ಅರ್ಥ ಆಗಲ್ಲ ಬಿಡು' ಅಂದಿದ್ದೆ. ಈ ಹುಡುಗಿ ಬಂದು ಚಹಾ ಆರುವಷ್ಟರಲ್ಲಿ ಅರ್ಥ ಮಾಡಿಸಿ ಹೋದಳು. ಅದೂ ಅಸ್ತರು ಹಿಡಿದುಕೊಂಡು. ಆ ಅಸ್ತರು ನನ್ನ ಕಣ್ಣೆದುರೇ ಬೆಳಗ್ಗೆ ಸಂಜೆ ನೇತಾಡುತ್ತಿತ್ತಲ್ಲ, ಅದು ನನಗೇಕೆ ಹೊಳೆಯಲಿಲ್ಲ?

ಕಿತ್ತಳೆ ಹುಳಿಯಿತ್ತು. ಅಕ್ಕ ಸಿಹಿ ಎಂದಳು.

ಮಾರ್ಚ್ 9, ಭಾನುವಾರ

ಅಕ್ಕ ಬೆಳಗಿನಿಂದ 'ಆ ಹುಡುಗಿ, ಆ ಹುಡುಗಿ' ಎನ್ನುತ್ತಿದ್ದಾಳೆ. ಇವತ್ತು ಬರೆಯಲು ಏನೂ ಇಲ್ಲ.

ಮಾರ್ಚ್ 13, ಗುರುವಾರ

ಜಯಭೇರಿ ಬಾರಿಸಿ! ಪರದೆ ಮೇಲೆತ್ತಿ!

ಗಾಯದ ಅಂಚು ನನ್ನ ಮಾದರಿ ಹೇಳಿದ ದಾರಿಯಲ್ಲೇ, ನಾನೇ ಕೈಹಿಡಿದು ನಡೆಸಿದ ಹಾಗೆ ಒಳಗೆ ಬರುತ್ತಿದೆ. ಚುಕ್ಕಿಗಳೋ? ಕಲ್ಲಿನ ಕಂಬಗಳು! ಮೊದಲ ದಿನ ಎಲ್ಲಿದ್ದವೋ ಅಲ್ಲೇ. ಬ್ಯಾಂಡೇಜು ಬಿಚ್ಚಿದಾಗಲೆಲ್ಲ ಅವು ಅಳಿಸಿರುತ್ತವೆ, ನಾನು ಹಾಳೆಯ ತೂತಿನಿಂದ ಮತ್ತೆ ಇಡುತ್ತೇನೆ, ಆಮೇಲೆ ಅಳೆಯುತ್ತೇನೆ. ಅಲುಗಾಟವೇ ಇಲ್ಲ. ನಾಟಕದವರ ಭಾಷೆಯಲ್ಲಿ ಇದಕ್ಕೆ 'ಹೌಸ್‌ಫುಲ್' ಎನ್ನುತ್ತಾರೆ.

ಡಾಕ್ಟರಮ್ಮ ತಪಾಸಣೆಯಲ್ಲಿ ಹಾಳೆಗಳನ್ನು ನೋಡಿ ತಲೆದೂಗಿದರು. "ಕೀವಿಲ್ಲ, ಸೋಂಕಿಲ್ಲ, ಚುಕ್ಕೀನೂ ಸರಿದಿಲ್ಲ. ನಿಮ್ಮದೇ ಸರಿ ಇರೋ ಹಾಗಿದೆ."

ನಿಮ್ಮದೇ ಸರಿ! ಮನೆಗೆ ಬರುವಾಗ ಬಸ್ಸಿನಲ್ಲಿ ಜೋರಾಗಿ ಒಂದು ರಾಗ ಎಳೆದೆ. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಆ ಟಿಕೆಟ್ಟಿಲ್ಲದ ಮಚ್ಚೆ ಚುಕ್ಕಿಯ ಪಕ್ಕಕ್ಕೇ ಬಂದು ನಿಂತಿದೆ, ಬಾಗಿಲು ಕಾಯುವವನ ಕಣ್ಣು ತಪ್ಪಿಸುವ ಹಾಗೆ. ನನ್ನ ಪೆನ್ನಿನ ತುದಿ ದಪ್ಪಗಾಗಿರಬೇಕು. ಹೊಸ ಪೆನ್ನು ತರಬೇಕು.

ಮಾರ್ಚ್ 17, ಸೋಮವಾರ

ಸಿಡಿಲಮರಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಬೋರ್ಡಿನ ಮುಂದೆ ನಿಂತಿದ್ದಳು. ಬೋರ್ಡಿನಲ್ಲಿ ಅವಳ ಎರಡೂ ಪದರಗಳ ಸಮೀಕರಣ, ಮೇಲೊಂದು ಸಾಲು, ಕೆಳಗೊಂದು ಸಾಲು, ನಡುವೆ ಎರಡನ್ನೂ ಕಟ್ಟುವ, ಒಳಪದರ ಎಷ್ಟು ಎಳೆಯುತ್ತದೆಂದು ಲೆಕ್ಕ ಹೇಳುವ ಎಳೆತದ ಪದ.

"ಬನ್ನಿ ಸರ್. ನಿಮ್ಮ ಹಾಳೆ ಎಲ್ಲಾ ನೋಡ್ದೆ. ಚುಕ್ಕಿ ಒಂಚೂರೂ ಸರಿದಿಲ್ಲ."

"ಹೂಂ," ಎಂದೆ. ನಗು ಬರದಂತೆ ಮೀಸೆ ಕಚ್ಚಿಕೊಂಡೆ.

"ಬೇರೆ ಯಾರಾದ್ರೂ ಅಳೆದಿದ್ರೆ ಅಳತೇನೇ ತಪ್ಪು ಅಂತಿದ್ದೆ. ನಿಮ್ಮ ಕೈ ನನಗೆ ಗೊತ್ತಲ್ಲ ಸರ್. ಒಂದು ಚಿಹ್ನೆ ತಪ್ಪಿದ್ರೂ ಮೂರು ದಿನ ಊಟ ಬಿಡಿಸ್ತಿದ್ರಿ ನೀವು. ನಂದೇ ತಪ್ಪು." ಒರೆಸುವ ಬಟ್ಟೆ ತೆಗೆದುಕೊಂಡು ನಡುವಿನ ಎಳೆತದ ಪದವನ್ನು ಒರೆಸಿಬಿಟ್ಟಳು.

ಆ ಕ್ಷಣಕ್ಕಾಗಿ ಎಷ್ಟು ದಿನ ಕಾದಿದ್ದೆ! ಅಸೂಯೆಯ ಅಗ್ನಿಕುಂಡಕ್ಕೆ ತಂಪಾದ ನೀರು ಬೀಳಬೇಕಿತ್ತು. ಬೀಳಲಿಲ್ಲ. ಬೋರ್ಡಿನ ನಡುವೆ ಬಿಳಿಯ ಮಸುಕು ಉಳಿಯಿತು; ಮೇಲಿನ ಸಾಲು ಮೇಲೆ, ಕೆಳಗಿನ ಸಾಲು ಕೆಳಗೆ, ಒಂದಕ್ಕೊಂದು ಗುರುತಿಲ್ಲದ ನೆಂಟರ ಹಾಗೆ. ಒರೆಸುವ ಮೊದಲು ಅದು ಚೆನ್ನಾಗಿತ್ತು. ಚೆನ್ನಾಗಿತ್ತು ಅಂದರೆ, ನೋಡಲು ಚೆನ್ನಾಗಿತ್ತು ಎಂದಷ್ಟೇ.

ಮರೆಯುವ ಮೊದಲು ಕೋಣೆಗೆ ಬಂದು ಆ ಪದವನ್ನು ಬರೆದಿಟ್ಟುಕೊಂಡೆ. ಶತ್ರುವಿನ ಆಯುಧ ನಮ್ಮ ಹತ್ತಿರ ಇರಬೇಕಲ್ಲ.

ಮಾರ್ಚ್ 20, ಗುರುವಾರ

ಅಕ್ಕ ಇವತ್ತು ನನಗೆ ಹೇಳದೆ ಮಷೀನಿನ ಮುಂದೆ ಹೋಗಿ ಕೂತಿದ್ದಳು. ನಾನು ಬಂದಾಗ ಬಲಗಾಲನ್ನು ತುಳಿಮಣೆಯ ಮೇಲೆ ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು.

"ಬೆರಳು ಊರುತ್ತೆ. ಹಿಮ್ಮಡಿ ಊರ್ತಾ ಇಲ್ಲ ಕಣೋ. ಏನೋ ಬಿಗೀತಿದೆ."

"ಕೂತು ಕೂತು ಜಡ್ಡುಗಟ್ಟಿದೆ ಅಷ್ಟೆ. ಬ್ಯಾಂಡೇಜು ಬೇರೆ ಬಿಗಿಯಾಗಿದೆ."

"ನೀನು ನೋಡಿದೀಯ ತಾನೆ?"

"ನೋಡಿದೀನಿ. ಚುಕ್ಕಿ ಅಲುಗಿಲ್ಲ."

"ಹಾಗಾದ್ರೆ ಸರಿ," ಎಂದಳು. ಕಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟಳು. ಡಾಕ್ಟರಮ್ಮನಿಗೂ ಫೋನಿನಲ್ಲಿ ಹೇಳಿದಳಂತೆ. ಅವರೂ 'ಚುಕ್ಕಿ ಸರಿದಿಲ್ಲ ಅಂದ್ರೆ ಭಯ ಇಲ್ಲ, ಕೊನೇ ಶುಕ್ರವಾರ ನೋಡೋಣ' ಎಂದರಂತೆ.

ಎಲ್ಲರೂ ನನ್ನ ಚುಕ್ಕಿಯನ್ನು ನಂಬುತ್ತಾರೆ. ಒಳ್ಳೆಯದೇ. ಆದರೂ ರಾಜನ ಅಂಗಿ ಇನ್ನೂ ಅರ್ಧಕ್ಕೇ ನಿಂತಿದೆ, ಒಂದು ತೋಳಿಲ್ಲದೆ.

ಮಾರ್ಚ್ 23, ಭಾನುವಾರ

ಇದನ್ನು ಯಾರಿಗೂ ಹೇಳಬೇಡಿ, ಮಹಾಜನಗಳೇ. ಇಡೀ ದಿನ ಸಿಡಿಲಮರಿಯ ಮಾದರಿಯನ್ನು ನನ್ನ ಕಂಪ್ಯೂಟರಿನಲ್ಲಿ ಓಡಿಸಿದೆ. ಅದು ಎಷ್ಟು ಕೆಟ್ಟದಾಗಿ ಸೋಲುತ್ತದೆಂದು ಕಣ್ಣಾರೆ ಕಂಡು ಸಂತೋಷಪಡೋಣ ಎಂದು.

ಮೊದಲು ಓಡಲೇ ಇಲ್ಲ, ಸಂಖ್ಯೆಗಳು ಹುಚ್ಚೆದ್ದು ಹಾರಿದವು. ಅವಳು ಎರಡು ಪದರಗಳನ್ನೂ ಒಂದೇ ಹೆಜ್ಜೆಯಲ್ಲಿ ನಡೆಸಿದ್ದಾಳೆ, ಅವಸರದ ಪ್ರಾಣಿ. ಹೊರಪದರ ಚುರುಕು, ಒಳಪದರ ನಿಧಾನ. ಎರಡಕ್ಕೂ ಬೇರೆ ಬೇರೆ ತಾಳ ಬೇಕು. ಸರಿಪಡಿಸಿದೆ. ಓದುವಾಗಲೇ ಹೇಳಿಕೊಟ್ಟಿದ್ದೆ, ಕೇಳಬೇಕಲ್ಲ! ಆಮೇಲೆ ಓಡಿತು. ಹೇಗೆ ಓಡಿತು! ಮೇಲಿನವನು ಹೆಜ್ಜೆ ಇಟ್ಟರೆ ಕೆಳಗಿನವನು ಉತ್ತರ ಕೊಡುತ್ತಾನೆ. ಕೆಳಗಿನವನು ಎಳೆದರೆ ಮೇಲಿನವನಿಗೆ ದಾರಿ ಹತ್ತಿರವಾಗುತ್ತದೆ. ಒಬ್ಬರ ಮಾತಿಗೆ ಒಬ್ಬರು ಮಾತು ಕೊಡುವ ಜೋಡಿನಟರು. ಊಟಕ್ಕೆ ಅಕ್ಕ ಮೂರು ಸಲ ಕರೆದಳಂತೆ, ನನಗೆ ಕೇಳಿಸಲಿಲ್ಲ.

ಮಾದರಿಯ ಪ್ರಕಾರ ಈ ಹೊತ್ತಿಗೆ ಹಿಮ್ಮಡಿ ನೆಲದಿಂದ ಮೇಲೇಳಬೇಕು, ಚುಕ್ಕಿಗಳು ಅಷ್ಟು ದೂರ ಒಳಗೆ ಬಂದಿರಬೇಕು. ಬಂದಿಲ್ಲ. ಆದ್ದರಿಂದ ಮಾದರಿ ಸುಳ್ಳು. ನನ್ನ ಹೊಟ್ಟೆ ಉರಿಸುವಷ್ಟು ಅಂದವಾದ ಸುಳ್ಳು.

ಹಿಮ್ಮಡಿ ಊರುತ್ತಿಲ್ಲ ಎಂದು ಅಕ್ಕ ಹೇಳಿದ್ದು ನಡುನಡುವೆ ನೆನಪಾಗುತ್ತಿತ್ತು. ಅದು ಜಡ್ಡು.

ಮಾರ್ಚ್ 26, ಬುಧವಾರ

ಸಂಜೆ ಬ್ಯಾಂಡೇಜು ಬಿಚ್ಚಿ, ಎಂದಿನಂತೆ ಹಾಳೆಯ ತೂತಿನಿಂದ ಚುಕ್ಕಿ ಇಟ್ಟು ಮುಗಿಸಿದ್ದೆ. ಅಕ್ಕ ದಿಂಬಿಗೆ ಗಲ್ಲ ಊರಿಕೊಂಡು ಹಳೆಯ ಕಾಲ ತೆಗೆದಳು. ಚಿಕ್ಕವಳಿದ್ದಾಗ ಅವಳು ರಾಜಕುಮಾರಿಯ ಪಾತ್ರ ಮಾಡುತ್ತಿದ್ದಳು. ಸೆರಗು ಎತ್ತಿ ಓಡುವ ದೃಶ್ಯದಲ್ಲಿ ಕಾಲಿನ ಮಚ್ಚೆ ಕಾಣುತ್ತದೆಂದು ಅಪ್ಪ ಅದರ ಮೇಲೆ ಬಣ್ಣ ಮೆತ್ತುತ್ತಿದ್ದ.

"ಅದು ಸುಟ್ಟು ಹೋಯ್ತೇನೋ ಪಾಪ. ಇದೆಯಾ ಇನ್ನೂ?"

"ಇದೆ ಇದೆ."

"ಎಲ್ಲಿ? ಗಾಯದ ಹತ್ತಿರಾನಾ?"

"ಇಲ್ಲೇ, ಚುಕ್ಕಿಯ ಒಳಗ..."

ಹಾಳೆಯನ್ನು ಮತ್ತೆ ಕಾಲಿನ ಮೇಲೆ ಇಟ್ಟು ನೋಡಿದೆ.

"ಏನಾಯ್ತೋ?"

"ಏನಿಲ್ಲ. ಅಲುಗಬೇಡ."

ಚುಕ್ಕಿಯ ಒಳಗೆ. ಒಳಗೆ! ಮೊದಲ ದಿನ ಆಚೆ ಇದ್ದದ್ದು. ಆಮೇಲೆ ಪಕ್ಕಕ್ಕೆ ಬಂದದ್ದು. ಈಗ ಚುಕ್ಕಿಯನ್ನು ದಾಟಿ ಗಾಯದ ಕಡೆಗೆ ನಡೆದುಬಿಟ್ಟಿದೆ. ಮಚ್ಚೆ ತೊಳೆದು ಹೋಗುವುದಿಲ್ಲ. ಮಚ್ಚೆಯನ್ನು ಯಾರೂ ಹಾಳೆಯ ತೂತಿನಿಂದ ಮತ್ತೆ ಮತ್ತೆ ಮೊದಲಿದ್ದ ಜಾಗಕ್ಕೆ ಇಡುವುದಿಲ್ಲ. ಅದು ಚರ್ಮದ ಜೊತೆಗೇ ಹೋಗುತ್ತದೆ.

ಚರ್ಮ ಹೋಗುತ್ತಿತ್ತು. ಎಳೆತವಿತ್ತು. ಮೊದಲಿನಿಂದ ಇತ್ತು. ನಾನು ಪ್ರತಿ ಸಲವೂ ಮೂಳೆಗೆ ಮೂಳೆ ಹೊಂದಿಸಿ, ಸರಿದ ಚರ್ಮದ ಮೇಲೆ ಸರಿಯದ ಚುಕ್ಕಿ ಇಟ್ಟು, ನಾನೇ ಇಟ್ಟದ್ದನ್ನು ನಾನೇ ಅಳೆದು, 'ಆಹಾ ಅಲುಗಿಲ್ಲ' ಎಂದು ಬೀಗುತ್ತಿದ್ದೆ. ಸುತ್ತಲಿನ ಚರ್ಮ ಅಲುಗುವುದಿಲ್ಲವೆಂದು ಎಂದೋ ಬರೆದ ಸಮೀಕರಣವನ್ನು ಅಕ್ಕನ ಕಾಲಿನ ಮೇಲೆ ಶಾಯಿಯಲ್ಲಿ ನಕಲು ಮಾಡುತ್ತಿದ್ದೆ. ಒಬ್ಬ ಕಾಂಪೌಂಡರೂ ಈ ತಪ್ಪು ಮಾಡುತ್ತಿರಲಿಲ್ಲ. ಮಾದರಿ ಕಟ್ಟಿದವನು ಮಾತ್ರ ಮಾಡಬಲ್ಲ ತಪ್ಪು ಇದು.

"ಅಕ್ಕ, ಹಿಮ್ಮಡಿ ಕೆಳಗೆ ಒತ್ತು ನೋಡೋಣ. ನನ್ನ ಅಂಗೈ ಮೇಲೆ."

ಒತ್ತಿದಳು. ಬೆರಳುಗಳು ನನ್ನ ಅಂಗೈಯನ್ನು ಮುಟ್ಟಿದವು. ಹಿಮ್ಮಡಿ ಮುಟ್ಟಲಿಲ್ಲ.

ಮಾರ್ಚ್ 27, ಗುರುವಾರ

ಸಂಸ್ಥೆಗೆ ಹೋಗಲಿಲ್ಲ. ಜ್ವರ ಎಂದೆ.

ಬೆಳಗ್ಗೆ ಸಿಡಿಲಮರಿಯೇ ಫೋನು ಮಾಡಿದಳು. "ಸರ್, ಜ್ವರ ಅಂತಲ್ಲ, ಹೇಗಿದೀರಿ? ನಾಳೆ ನೀವು ಬರದಿದ್ರೂ ಪರವಾಗಿಲ್ಲ. ನಾನೇ ಎದ್ದು ನನ್ನ ಮಾದರಿ ವಾಪಸ್ ತಗೋತೀನಿ ಅಂತ ಹೇಳ್ಬಿಡ್ತೀನಿ. ಎಳೆತದ ಪದ ತಪ್ಪು ಅಂತ."

ಅವಳ ದನಿಯಲ್ಲಿ ಮಿಂಚಿರಲಿಲ್ಲ. ನನ್ನ ಗಂಟಲಿನಲ್ಲಿ ಗುಡುಗಿರಲಿಲ್ಲ. "ಆಗಲಿ," ಎಂದಷ್ಟೇ ಅಂದು ಇಟ್ಟೆ.

ಈಗ ಎರಡು ಪ್ರಸಂಗಗಳಿವೆ, ಮಹಾಜನಗಳೇ. ಒಂದನ್ನು ಮಧ್ಯಾಹ್ನವಿಡೀ ಮನಸ್ಸಿನಲ್ಲೇ ಆಡಿ ನೋಡಿದೆ, ಬಲು ಸೊಗಸಾಗಿದೆ. ನಾನು ಡಾಕ್ಟರಮ್ಮನಿಗೆ ಗುಟ್ಟಾಗಿ ಹೇಳುತ್ತೇನೆ: 'ಅಕ್ಕನ ಕಾಲಿನ ಬಿಗಿತ ಯಾಕೋ ಈ ನಾಲ್ಕು ದಿನದಿಂದ ಜಾಸ್ತಿಯಾಗಿದೆ, ಒಮ್ಮೆ ನೋಡಿ.' ಅವರು ನೋಡುತ್ತಾರೆ, ಬಿಗಿದದ್ದನ್ನು ಬಿಡಿಸಿ ಕಸಿ ಮಾಡುತ್ತಾರೆ. ಅಕ್ಕ ಉಳಿಯುತ್ತಾಳೆ, ಮಷೀನು ಉಳಿಯುತ್ತದೆ. ಚುಕ್ಕಿಯ ಕಥೆ ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಸಿಡಿಲಮರಿ ತಾನಾಗೇ ಹಿಂದೆ ಸರಿಯುತ್ತಾಳೆ. ನಾನು ಸುಮ್ಮನಿದ್ದರೆ ಸಾಕು. ಯಾರ ಕೂದಲೂ ಕೊಂಕುವುದಿಲ್ಲ.

ವಾರ್ಡಿಗೆ ಹೋಗುವುದು ನನ್ನ ಮಾದರಿ. ಅದು ನಾಳೆ ಇನ್ನೊಬ್ಬರ ಅಕ್ಕನಿಗೆ 'ಕಸಿ ಬೇಡ' ಎನ್ನುತ್ತದೆ.

ಅಕ್ಕ ಬಂದು ಬಾಗಿಲಿಗೆ ಒರಗಿದಳು, ತುದಿಗಾಲಿನಲ್ಲಿ. "ಜ್ವರ ಇಲ್ಲ, ಏನಿಲ್ಲ. ಯಾಕೋ ಸಪ್ಪಗಿದೀಯ?"

"ನಾಳೆ ಆ ಹುಡುಗಿ ಸೋಲೊಪ್ಕೋತಾಳಂತೆ."

"ಅಯ್ಯೋ ಪಾಪ. ಅವಳದು ತಪ್ಪಾ?"

ಅಕ್ಕ ನನ್ನನ್ನೇ ನೋಡಿದಳು. ಅಪ್ಪನ ಕಂಪನಿಯಲ್ಲಿ ಅವಳು ಬೆಳಕಿನಲ್ಲಿರುತ್ತಿದ್ದಳು, ನಾನು ಪರದೆಯ ಬದಿಯಲ್ಲಿ ಪುಸ್ತಕ ಹಿಡಿದು, ಮರೆತ ಮಾತು ಎತ್ತಿಕೊಡುತ್ತ ಪ್ರಾಂಪ್ಟು ಮಾಡುತ್ತಿದ್ದೆ. ಮಾತು ತಪ್ಪಿದಾಗ ಅವಳು ಹೀಗೇ ನನ್ನ ಕಡೆ ನೋಡುತ್ತಿದ್ದಳು, ಸಭೆಗೆ ತಿಳಿಯದ ಹಾಗೆ. ಅಪ್ಪ ನನಗೆ ಹೇಳಿಕೊಟ್ಟದ್ದು ಒಂದೇ: "ಆ ನಟ ನಿನ್ನ ಶತ್ರುವೇ ಆಗಿರ್ಲಿ. ಅವನು ಮಾತು ಮರೆತಾಗ ನಿನ್ನ ದನಿ ತಡ ಆಗ್ಬಾರ್ದು."

"ಅವಳದಲ್ಲ," ಎಂದೆ. "ನಂದು. ನಿನ್ನ ಕಾಲಿನ ಮೇಲೆ ಚುಕ್ಕಿ ತಪ್ಪಾಗಿ ಇಟ್ಟೆ ನಾನು. ಹಿಮ್ಮಡಿ ಎಳ್ಕೊಂಡಿದೆ ಅಕ್ಕ. ನೀನು ಹೇಳಿದಾಗಲೇ ಎಳ್ಕೊಂಡಿತ್ತು. ಆಪರೇಷನ್ ಬೇಕಾಗುತ್ತೆ. ತಡ ಆಗಿಲ್ಲ, ಡಾಕ್ಟರಮ್ಮ ಸರಿ ಮಾಡ್ತಾರೆ."

ಅಕ್ಕ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

"ನೀನು ಹೇಳಿದ್ದೇ ನಿಜ ಅಂದ್ಕೊಂಡಿದ್ದೆ," ಎಂದಳು.

"ಗೊತ್ತು."

"ಬಿಗೀತಿದೆ ಅಂದಾಗ್ಲಾದ್ರೂ ತಿರುಗಿ ನೋಡ್ಬಾರ್ದಿತ್ತಾ?"

ನೋಡಬಹುದಿತ್ತು. ನಾನು ಗಾಯವನ್ನು ನೋಡುತ್ತಿರಲಿಲ್ಲ, ಪಕ್ಕದ ಕೋಣೆಯನ್ನು ನೋಡುತ್ತಿದ್ದೆ. ಅದನ್ನು ಅಕ್ಕನಿಗೆ ಹೇಳಲಿಲ್ಲ, ಅವಳಿಗೆ ಗೊತ್ತಿದ್ದಂತಿತ್ತು.

"ಆ ಹುಡುಗಿಗೆ ಹೇಳ್ದೆಯಾ?"

"ಇಲ್ಲ."

"ಅವಳನ್ನ ಯಾಕೆ ಕಾಯಿಸ್ತೀಯೋ," ಎಂದು ನನ್ನ ಬೆನ್ನಿಗೊಂದು ಗುದ್ದಿದಳು. ಮೆಲ್ಲಗೇನೂ ಅಲ್ಲ.

ಸಭಿಕರೇ, ತಪ್ಪು ತಿಳಿಯಬೇಡಿ. ನಾನೇನು ಸಂತನಾಗಿಲ್ಲ. ನನಗೆ ಅವಳ ಮೇಲೆ ಇನ್ನೂ ಹೊಟ್ಟೆಕಿಚ್ಚಿದೆ, ಧಗಧಗ ಎನ್ನುವಷ್ಟಿದೆ! ಆ ಎಳೆತದ ಪದ ನನಗೆ ಹೊಳೆಯಬೇಕಿತ್ತು. ಆ ಅಸ್ತರಿನ ಉಪಮೆ ನನ್ನದಾಗಬೇಕಿತ್ತು. ನಮ್ಮ ಮಾದರಿಗೆ ಎರಡು ತಾಳ ಕೂಡಿಸಿದವನು ನಾನು ಎಂಬುದನ್ನು ಅವಳು ಎಲ್ಲರೆದುರಿಗೆ ಹೇಳಲೇಬೇಕು, ಬಿಡುವುದಿಲ್ಲ. ನಾಳೆ ನಾನು ಸಭೆಗೆ ಹೋಗುವುದು ಬೇರೆ ಕಾರಣಕ್ಕೆ: ಅವಳು ಅವಸರದ ಪ್ರಾಣಿ, ವೇದಿಕೆಯ ಮೇಲೆ ತಡವರಿಸಿ ನನ್ನ ಅಕ್ಕನ ಕಾಲಿನ ಕಥೆಯನ್ನು ಕೆಡಿಸಿಬಿಡುತ್ತಾಳೆ. ಅಷ್ಟೆ.

ನಾಳೆ ಬೆಳಗ್ಗೆ ಎದ್ದು ಮೊದಲು ಅಕ್ಕನ ಬ್ಯಾಂಡೇಜು ಬಿಚ್ಚುತ್ತೇನೆ. ಚುಕ್ಕಿ ಇಡುವುದಿಲ್ಲ, ಮಚ್ಚೆ ಎಲ್ಲಿದೆಯೋ ಅಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಅಕ್ಕನನ್ನು ಆಟೋದಲ್ಲಿ ಡಾಕ್ಟರಮ್ಮನ ಬಾಗಿಲಿಗೆ ಬಿಟ್ಟು, ನಡೆದದ್ದನ್ನೆಲ್ಲ ಅವರಿಗೆ ಹೇಳಿ, ಸಭೆಗೆ ಮೊದಲೇ ಸಂಸ್ಥೆಯ ಗೇಟಿಗೆ ಹೋಗಿ ನಿಲ್ಲುತ್ತೇನೆ. ಸಿಡಿಲಮರಿ ಬಂದ ಕೂಡಲೇ ಹೇಳುತ್ತೇನೆ: ಒರೆಸಿದ್ದನ್ನು ಮತ್ತೆ ಬರಿ. ಆಮೇಲೆ ಮುಂದಿನ ಸಾಲಿನಲ್ಲಲ್ಲ, ವೇದಿಕೆಯ ಪಕ್ಕದ ಬಾಗಿಲಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅವಳು ಎಲ್ಲಾದರೂ ಮಾತು ತಪ್ಪಿ ನನ್ನ ಕಡೆ ನೋಡಿದರೆ, ಸಭೆಗೆ ಕೇಳದಷ್ಟು ಮೆಲ್ಲಗೆ ಮುಂದಿನ ಸಾಲು ಹೇಳಿಕೊಡುತ್ತೇನೆ.